ಲಿನಕ್ಸ್ ಮಿಂಟ್‌ನಲ್ಲಿ ಹಳೇ ಡಾಸ್, ವಿಂಡೋಸ್ 98 ಕಾಲದ ಆಟಗಳು: ಧ್ವನಿ ಒಡೆಯುತ್ತೆ, ಬಣ್ಣ ಕೆಡುತ್ತೆ, ದಾರಿ ತಿಳಿಸಿ

ಸಿರಾಗೇಟ್_ಡೆಸ್ಕ್ (ತುಮಕೂರು):

ಎಲ್ಲರಿಗೂ ನಮಸ್ಕಾರ. ಸಿರಾ ಗೇಟ್ ಕಡೆ ಯುವಕ ಸಂಘವೊಂದರ ಕೋಣೆಗೆ ಎರಡು ಹಳೇ ಡೆಸ್ಕ್‌ಟಾಪ್ ತಯಾರು ಮಾಡ್ತಿದೀನಿ. ಎರಡೂ ಒಂದೇ ಥರದವು: ಇಂಟೆಲ್ ಕೋರ್ ಐ3-3220, 4 ಜಿಬಿ ರ‍್ಯಾಮ್, ಪ್ರೊಸೆಸರಿನ ಜೊತೆಗೇ ಬರೋ ಎಚ್‌ಡಿ 2500 ಗ್ರಾಫಿಕ್ಸ್, 1366×768 ಮಾನಿಟರ್. ಹಾಕಿರೋದು ಲಿನಕ್ಸ್ ಮಿಂಟ್ 22. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳೋ ಯೋಚನೆ ಇಲ್ಲ. ಆಟಗಳೆಲ್ಲ ಒರಿಜಿನಲ್ ಸಿಡಿಯವು, ಇಲ್ಲವೇ ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ತಗೊಂಡವು.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ:

1. ಡಾಸ್‌ಬಾಕ್ಸ್‌ನಲ್ಲಿ (ಹಳೇ ಡಾಸ್ ಯಂತ್ರವನ್ನ ನಕಲು ಮಾಡೋ ಸಾಫ್ಟ್‌ವೇರ್) ಪ್ರಿನ್ಸ್ ಆಫ್ ಪರ್ಷಿಯಾ, ಡೂಮ್ ಎರಡೂ ಓಡ್ತವೆ. ಆದರೆ ಧ್ವನಿ ಪಟಪಟ ಅಂತ ಒಡೆಯುತ್ತೆ. ಚಿತ್ರ ಚಪ್ಪಟೆಯಾಗಿ, ಮನುಷ್ಯರೆಲ್ಲ ಕುಳ್ಳಗೆ ಕಾಣ್ತಾರೆ. ಅದರ ವೇಗದ ಸೆಟ್ಟಿಂಗ್ ಆದ ಸೈಕಲ್ಸ್ ಮ್ಯಾಕ್ಸ್‌ಗೆ ಇಟ್ಟಿದೀನಿ.

2. 1997ರ ಮೊದಲನೇ ಏಜ್ ಆಫ್ ಎಂಪೈರ್ಸ್ ವೈನ್‌ನಲ್ಲಿ (ವಿಂಡೋಸ್ ಪ್ರೋಗ್ರಾಂಗಳನ್ನ ಲಿನಕ್ಸ್‌ನಲ್ಲಿ ಓಡಿಸೋ ಸಾಫ್ಟ್‌ವೇರ್) ಶುರುವಾಗುತ್ತೆ, ಬಣ್ಣ ಮಾತ್ರ ಅಡ್ಡಾದಿಡ್ಡಿ. ಮುಚ್ಚಿದ ಮೇಲೆ ಇಡೀ ಡೆಸ್ಕ್‌ಟಾಪ್ ದೊಡ್ಡ ದೊಡ್ಡ ಐಕಾನ್‌ಗಳ ಜೊತೆ 640×480ರಲ್ಲೇ ಉಳಿದುಬಿಡುತ್ತೆ.

3. ಕೆಲವು ಸಿಡಿಗಳ ಇನ್‌ಸ್ಟಾಲರ್ "ಡಿಸ್ಕಿನಲ್ಲಿ ಜಾಗ ಸಾಲದು" ಅಂತ ನಿಲ್ಲುತ್ತೆ. 180 ಜಿಬಿ ಖಾಲಿ ಇದೆ.

4. ಆನ್‌ಲೈನ್ ಆಟದಂಗಡಿ ಸ್ಟೀಮ್‌ನಲ್ಲಿ ಹಿಂದೆ ಕೊಂಡಿದ್ದ ಜಿಟಿಎ ಸ್ಯಾನ್ ಆಂಡ್ರಿಯಾಸ್ ಬರೀ ಕಪ್ಪು ಪರದೆ.

5. ಕ್ವೇಕ್ ಸಿಡಿಯಿಂದ ಐಎಸ್‌ಒ (ಸಿಡಿಯ ನಕಲನ್ನ ಒಂದೇ ಫೈಲಾಗಿ ಇಡೋ ರೂಪ) ಮಾಡಿಕೊಂಡೆ. ಆಟ ಬರುತ್ತೆ, ಸಂಗೀತ ಬರಲ್ಲ.

ಎಲ್ಲದಕ್ಕೂ ಒಂದೇ ಸಾಫ್ಟ್‌ವೇರ್ ಇದ್ದರೆ ಇನ್ನೂ ಒಳ್ಳೇದು. ಸಂಘದ ಹುಡುಗರು ಐಕಾನ್ ಒತ್ತಿದರೆ ಆಟ ಬರಬೇಕು, ಅಷ್ಟೇ.

ನಂದಿ486 (ಚಿಕ್ಕಬಳ್ಳಾಪುರ):

ಸಾರ್, ಎಲ್ಲದಕ್ಕೂ ಒಂದೇ ಸಾಫ್ಟ್‌ವೇರ್ ಅನ್ನೋ ಆಸೆ ಮೊದಲು ಬಿಡಿ. ನೀವು ಬರೆದ ಐದು ತೊಂದರೆಗೂ ಕಾರಣ ಬೇರೆ ಬೇರೆ. ಪ್ರತಿ ಆಟಕ್ಕೂ ಮೊದಲು ಕೇಳಬೇಕಾದ್ದು ಇದನ್ನ: ಇದನ್ನ ಬರೆದಾಗ ಎದುರಿಗೆ ಯಾವ ಯಂತ್ರ ಇತ್ತು? ಡಾಸ್ ಆಟಕ್ಕೆ ಡಾಸ್‌ಬಾಕ್ಸ್. ಮೂಲ ಕೋಡ್ ಹೊರಬಂದಿರೋ ಆಟಕ್ಕೆ ಲಿನಕ್ಸಿಗೇ ಕಟ್ಟಿದ ಪೋರ್ಟ್. ಉಳಿದ ವಿಂಡೋಸ್ ಆಟಕ್ಕೆ ಮಾತ್ರ ವೈನ್. ಡೂಮ್‌ನ ಮೂಲ ಕೋಡನ್ನ 1997ರ ಡಿಸೆಂಬರ್‌ನಲ್ಲೇ ಬಿಟ್ಟಿದಾರೆ, ಹಾಗಾಗಿ ಅದಕ್ಕೆ ಡಾಸ್‌ಬಾಕ್ಸೇ ಬೇಡ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಚಾಕೊಲೇಟ್ ಡೂಮ್ ಹಾಕಿ, ನಿಮ್ಮ ಸಿಡಿಯ ವ್ಯಾಡ್ ಫೈಲ್ (ಆಟದ ನಕ್ಷೆ, ಚಿತ್ರ, ಸದ್ದು ಎಲ್ಲ ಇರೋ ಫೈಲ್) ಕೊಡಿ. 1993ರ ಆಟದ ಗುಣವೆಲ್ಲ ಹಾಗೇ ಇರುತ್ತೆ. ಪಾಯಿಂಟ್ ಮಾಡಿ ಕ್ಲಿಕ್ ಮಾಡೋ ಸಾಹಸದ ಆಟಗಳಿದ್ದರೆ ಸ್ಕಮ್‌ವಿಎಂ.

ಈಗ ಡಾಸ್‌ಬಾಕ್ಸ್. ಮಿಂಟ್‌ನ ಭಂಡಾರದಲ್ಲಿ ಡಾಸ್‌ಬಾಕ್ಸ್ ಅಂತ ಸಿಗೋದು 0.74-3, 2019ರದು. ಅದನ್ನ ತೆಗೆದು ಫ್ಲ್ಯಾಟ್‌ಹಬ್ ಅನ್ನೋ ಸಾಫ್ಟ್‌ವೇರ್ ಭಂಡಾರದಿಂದ ಅದರದೇ ಹೊಸ ರೂಪವಾದ ಡಾಸ್‌ಬಾಕ್ಸ್ ಸ್ಟೇಜಿಂಗ್ ಹಾಕಿ. ಆಟದ ಫೋಲ್ಡರಿನಲ್ಲೇ ಡಾಸ್‌ಬಾಕ್ಸ್ ಡಾಟ್ ಕಾನ್ಫ್ ಅನ್ನೋ ಪುಟ್ಟ ಫೈಲ್ ಇಟ್ಟು, ಆ ಫೋಲ್ಡರಿನಿಂದ ಶುರು ಮಾಡಿದರೆ ಅದನ್ನ ತಾನೇ ಓದಿಕೊಳ್ಳುತ್ತೆ. ಹೀಗೆ ಪ್ರತಿ ಆಟಕ್ಕೂ ಬೇರೆ ಸೆಟ್ಟಿಂಗ್ ಇಡಬಹುದು, ಒಂದನ್ನ ಸರಿಮಾಡಲು ಹೋಗಿ ಇನ್ನೊಂದು ಕೆಡೋದಿಲ್ಲ.

ಧ್ವನಿ ಒಡೆಯೋದು ಸೈಕಲ್ಸ್ ಮ್ಯಾಕ್ಸ್‌ನಿಂದ. ಸೈಕಲ್ಸ್ ಅಂದರೆ ಒಂದು ಮಿಲಿಸೆಕೆಂಡಿನಲ್ಲಿ ಡಾಸ್‌ಬಾಕ್ಸ್ ನಡೆಸಿಕೊಡೋ ಆಜ್ಞೆಗಳ ಲೆಕ್ಕ. ಮ್ಯಾಕ್ಸ್ ಇಟ್ಟರೆ ಪ್ರೊಸೆಸರಿನ ಶಕ್ತಿಯೆಲ್ಲ ಹೀರಿಕೊಳ್ಳುತ್ತೆ. ಹಿಂದೆ ಬೇರೇನಾದರೂ ಕೆಲಸ ನಡೆದರೆ ಧ್ವನಿಯ ಬಫರ್ ತುಂಬೋಕೆ ಸಮಯ ಸಿಗಲ್ಲ, ಅದೇ ಆ ಪಟಪಟ. ಆಟಕ್ಕೆ ಬೇಕಾದಷ್ಟು ಮಾತ್ರ ಕೊಡಿ. ಅಂದಾಜು ಹೀಗಿದೆ: 12 ಮೆಗಾಹರ್ಟ್ಜ್‌ನ 286ಗೆ 1500, 20ರ 386 ಎಸ್‌ಎಕ್ಸ್‌ಗೆ 3000, 33ರ 386 ಡಿಎಕ್ಸ್‌ಗೆ 6000, 33ರ 486ಗೆ 12000, 66ರ 486 ಡಿಎಕ್ಸ್2ಗೆ 25000, ಪೆಂಟಿಯಂ 90ಕ್ಕೆ 50000. ಪ್ರಿನ್ಸ್ ಆಫ್ ಪರ್ಷಿಯಾಗೆ 3000ದಿಂದ ಶುರು ಮಾಡಿ. ಆಟ ನಡೀತಿರುವಾಗಲೇ ಕಂಟ್ರೋಲ್ ಎಫ್11 ಒತ್ತಿದರೆ ಇಳಿಯುತ್ತೆ, ಕಂಟ್ರೋಲ್ ಎಫ್12 ಒತ್ತಿದರೆ ಏರುತ್ತೆ. ಸರಿಹೋದ ಅಂಕಿಯನ್ನ ಕಾನ್ಫ್ ಫೈಲಿಗೆ ಬರೆದುಬಿಡಿ. ಸ್ಟೇಜಿಂಗ್ 0.82ರಿಂದ ಆ ಸೆಟ್ಟಿಂಗಿನ ಹೆಸರು ಸಿಪಿಯು_ಸೈಕಲ್ಸ್ ಅಂತ ಬದಲಾಗಿದೆ, ಹಳೇ ಲೇಖನ ನೋಡಿ ಮಾಡೋರು ಇಲ್ಲಿ ಎಡವ್ತಾರೆ. ಇಷ್ಟಾದ ಮೇಲೂ ಒಡೆದರೆ ಮಿಕ್ಸರ್ ವಿಭಾಗದಲ್ಲಿ ಪ್ರಿಬಫರ್ ಅನ್ನೋದನ್ನ 50ಕ್ಕೆ ಏರಿಸಿ. ಅದಕ್ಕಿಂತ ಹೆಚ್ಚಿಸಬೇಡಿ, ಗುಂಡು ಹೊಡೆದದ್ದಕ್ಕೂ ಸದ್ದು ಬರೋದಕ್ಕೂ ನಡುವೆ ಅಂತರ ಗೊತ್ತಾಗೋಕೆ ಶುರುವಾಗುತ್ತೆ.

ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಕೆಲವು ಆಟಗಳು "ರನ್‌ಟೈಮ್ ಎರರ್ 200" ಅಂತ ಬಾಗಿಲಲ್ಲೇ ಬೀಳ್ತವೆ. ಫೈಲ್ ಕೆಟ್ಟಿಲ್ಲ. ಶುರುವಿನಲ್ಲಿ ಪ್ರೊಸೆಸರ್ ವೇಗ ಅಳೆಯೋ ಲೆಕ್ಕವೊಂದಿದೆ, ಯಂತ್ರ ತುಂಬಾ ವೇಗವಾಗಿದ್ದರೆ ಆ ಭಾಗಾಕಾರ ಉಕ್ಕಿಹೋಗುತ್ತೆ. ಸೈಕಲ್ಸ್ 5000ಕ್ಕೆ ಇಳಿಸಿ ಶುರು ಮಾಡಿ, ಮೆನು ಬಂದ ಮೇಲೆ ಏರಿಸಿಕೊಳ್ಳಿ.

ಸಂಗೀತ ಬಂದು ಗುಂಡಿನ ಸದ್ದು ಬರದಿದ್ದರೆ ಆಟದ ಸೆಟಪ್ ತೆರೆದು ಸೌಂಡ್ ಬ್ಲಾಸ್ಟರ್ 16, ಪೋರ್ಟ್ 220, ಐಆರ್‌ಕ್ಯು 7, ಡಿಎಂಎ 1 ಕೊಡಿ. ಬಹಳ ಆಟಗಳು ಐಆರ್‌ಕ್ಯು 5 ಅಂತ ಊಹಿಸಿಕೊಂಡಿರ್ತವೆ, ಡಾಸ್‌ಬಾಕ್ಸ್ ಕೊಡೋದು 7.

ಚಿತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಡಾಸ್ ಆಟದ ಚಿತ್ರ 320×200. ಆದರೆ ಆಗಿನ ಗಾಜಿನ ಮಾನಿಟರ್ ಅದನ್ನ 4:3 ಆಕಾರಕ್ಕೆ ಎಳೀತಿತ್ತು, ಅಂದರೆ ಒಂದೊಂದು ಚುಕ್ಕಿಯೂ ಅಗಲಕ್ಕಿಂತ 1.2 ಪಟ್ಟು ಎತ್ತರ. ಚಿತ್ರ ಬಿಡಿಸಿದೋರು ಅದನ್ನ ನೋಡಿಕೊಂಡೇ ಬಿಡಿಸಿದ್ದು. ನೀವು ಚೌಕ ಚುಕ್ಕಿ ಮಾಡಿ ತೋರಿಸಿದರೆ ಎಲ್ಲ ಕುಳ್ಳಗಾಗುತ್ತೆ. ಆಸ್ಪೆಕ್ಟ್ ಆನ್ ಮಾಡಿ. ನಿಮ್ಮ ಮಾನಿಟರ್‌ನಲ್ಲಿ ಚಿತ್ರ 1024×768 ಆಗುತ್ತೆ, ಎರಡೂ ಬದಿ ಕಪ್ಪು ಪಟ್ಟಿ. ಅದೇ ಸರಿಯಾದ ಆಕಾರ. ಒಂದು ತೊಡಕು ಏನಂದರೆ 200 ಸಾಲು 768ಕ್ಕೆ ಸಮನಾಗಿ ಹಂಚಲ್ಲ (3.84 ಪಟ್ಟು), ಕೆಲವು ಸಾಲು ಮೂರು ಚುಕ್ಕಿ, ಕೆಲವು ನಾಲ್ಕು. ಸ್ಕ್ರೋಲ್ ಆಗುವಾಗ ಗೆರೆಗಳು ನಡುಗಿದ ಹಾಗೆ ಕಾಣುತ್ತೆ. ಅದಕ್ಕೆ ಶೇಡರ್ ಅನ್ನೋ ಕಡೆ ಶಾರ್ಪ್ ಅಂತ ಕೊಡಿ, ಅಂಚುಗಳನ್ನ ಮಾತ್ರ ಸ್ವಲ್ಪ ಮೆದುಗೊಳಿಸುತ್ತೆ. ಇಲ್ಲವೇ ಇಂಟೀಜರ್ ಸ್ಕೇಲಿಂಗ್ ಆನ್ ಮಾಡಿ ಸರಿಯಾಗಿ 3 ಪಟ್ಟು, 800×600ರಲ್ಲಿ ಆಡಿ. ಚಿಕ್ಕದಾದರೂ ಚೊಕ್ಕ.

ರಾಬರ್ಟ್‌ಸನ್‌ಪೇಟೆ_ರೂಟ್ (ಕೆಜಿಎಫ್, ಕೋಲಾರ):

ಡಾಸ್ ಭಾಗ ನಂದಿ486 ಪೂರ್ತಿ ಹೇಳಿದಾರೆ. ವೈನ್ ಬಗ್ಗೆ ನಾನು. ಆಜ್ಞೆಗಳನ್ನ ಇಲ್ಲಿ ಕನ್ನಡ ಲಿಪಿಯಲ್ಲಿ ಬರೀತಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೀರಿ.

ಮೊದಲು 32 ಬಿಟ್ ಭಾಗ ಇದೆಯಾ ನೋಡಿ. ಶುರುವಾದಾಗ "ವೈನ್32 ಈಸ್ ಮಿಸ್ಸಿಂಗ್" ಅಂತ ಸಾಲು ಬಂದರೆ ಇಲ್ಲ ಅಂತಲೇ ಅರ್ಥ. ಸುಡೊ ಡಿಪಿಕೆಜಿ --ಆಡ್-ಆರ್ಕಿಟೆಕ್ಚರ್ ಐ386 ಕೊಟ್ಟು, ಆಪ್ಟ್ ಅಪ್‌ಡೇಟ್ ಮಾಡಿ, ವೈನ್32:ಐ386 ಪ್ಯಾಕೇಜ್ ಹಾಕಿ. ನಿಮ್ಮ ಪಟ್ಟಿಯ ಆಟಗಳೆಲ್ಲ 32 ಬಿಟ್. 95-97ರ ಕೆಲವು ಸಿಡಿಗಳ ಇನ್‌ಸ್ಟಾಲರ್ ಅಂತೂ 16 ಬಿಟ್ಟಿನದೇ ಇರುತ್ತೆ. 64 ಬಿಟ್ ವಿಂಡೋಸ್ ಅಂಥದ್ದನ್ನ ಮುಟ್ಟೋದೇ ಇಲ್ಲ, ಲಿನಕ್ಸ್‌ನಲ್ಲಿ ಈ ವೈನ್ ನಡೆಸುತ್ತೆ. ಹಳೇ ಆಟದ ವಿಷಯದಲ್ಲಿ ಲಿನಕ್ಸ್ ಮುಂದಿರೋ ಜಾಗಗಳಲ್ಲಿ ಇದೊಂದು.

ಪ್ರತಿ ಆಟಕ್ಕೂ ಬೇರೆ ಪ್ರಿಫಿಕ್ಸ್ ಮಾಡಿ, ಅಂದರೆ ಬೇರೆ ಸಿ ಡ್ರೈವ್, ಬೇರೆ ರಿಜಿಸ್ಟ್ರಿ. ವೈನ್‌ಪ್ರಿಫಿಕ್ಸ್=/ಹೋಮ್/ಗೇಮ್ಸ್/ಏಜ್ ಅಂತ (ಗೇಮ್ಸ್ ಇರೋ ಕಡೆ ನಿಮ್ಮ ಬಳಕೆದಾರನ ಹೆಸರು), ಜೊತೆಗೆ ವೈನ್‌ಆರ್ಚ್=ವಿನ್32 ಅಂತ ಮುಂದೆ ಸೇರಿಸಿ ವೈನ್‌ಸಿಎಫ್‌ಜಿ (ವೈನ್‌ನ ಸೆಟ್ಟಿಂಗ್ ಕಿಟಕಿ) ನಡೆಸಿ. ಸಮದ ಎಡಗಡೆಯ ಎರಡು ಹೆಸರೂ ಪೂರ್ತಿ ದೊಡ್ಡಕ್ಷರ. ವಿನ್32 ಯಾಕೆ ಅಂದರೆ, ನಿಮ್ಮ ಮೂರನೇ ತೊಂದರೆಗೆ ಮದ್ದು ಇಲ್ಲೇ ಇದೆ. ಹಳೇ ಇನ್‌ಸ್ಟಾಲರ್‌ಗಳು ಖಾಲಿ ಜಾಗವನ್ನ 32 ಬಿಟ್ ಸಂಖ್ಯೆಯಲ್ಲಿ ಎಣಿಸ್ತವೆ. 2 ಜಿಬಿ ದಾಟಿದರೆ ಸಂಖ್ಯೆ ಸುತ್ತಿ ಬಂದು ಋಣ ಆಗಿಬಿಡುತ್ತೆ, ಅದಕ್ಕೇ 180 ಜಿಬಿ ಇದ್ದರೂ ಜಾಗ ಇಲ್ಲ ಅನ್ನುತ್ತೆ. ವೈನ್‌ಸಿಎಫ್‌ಜಿಯ ಮೊದಲ ಪುಟದಲ್ಲಿ ವಿಂಡೋಸ್ 98 ಆರಿಸಿದರೆ ಆಗಿನ ವಿಂಡೋಸ್ ಥರಾನೇ 2 ಜಿಬಿಗಿಂತ ಹೆಚ್ಚು ಹೇಳಲ್ಲ. 98 ಅನ್ನೋ ಆಯ್ಕೆ 32 ಬಿಟ್ ಪ್ರಿಫಿಕ್ಸ್‌ನಲ್ಲಿ ಇರುತ್ತೆ, 64ರಲ್ಲಿ ಹುಡುಕಿದರೆ ಸಿಗಲ್ಲ.

ಈಗ ಏಜ್ ಆಫ್ ಎಂಪೈರ್ಸ್. ಅದು ಡೈರೆಕ್ಟ್‌ಡ್ರಾ (ಹಳೇ ವಿಂಡೋಸ್‌ನ ಚಿತ್ರ ಬಿಡಿಸೋ ವ್ಯವಸ್ಥೆ) ಬಳಸಿ 256 ಬಣ್ಣದ ಪ್ಯಾಲೆಟ್‌ನಲ್ಲಿ ಬರೆಯೋ ಆಟ. ಈಗಿನ ಪರದೆಗೆ 256 ಬಣ್ಣದ ಮೋಡ್ ಅನ್ನೋದೇ ಇಲ್ಲ, ಮಧ್ಯೆ ಯಾರಾದರೂ ಅನುವಾದ ಮಾಡಲೇಬೇಕು. ಆ ಕೆಲಸಕ್ಕೆ ಸಿಎನ್‌ಸಿ-ಡಿಡ್ರಾ ಅನ್ನೋ ಸಣ್ಣ ರ‍್ಯಾಪರ್ ಇದೆ. ಅದರ ಜಿಪ್ ಬಿಚ್ಚಿ ಡಿಡ್ರಾ ಡಾಟ್ ಡಿಎಲ್‌ಎಲ್ ಮತ್ತು ಡಿಡ್ರಾ ಡಾಟ್ ಐಎನ್‌ಐ ಫೈಲುಗಳನ್ನ ಆಟದ ಎಕ್ಸಿ ಇರೋ ಫೋಲ್ಡರಿನಲ್ಲೇ ಇಡಿ. ಅಷ್ಟಕ್ಕೇ ನಿಲ್ಲಿಸಿದರೆ ಏನೂ ಬದಲಾಗಲ್ಲ, ಬಹಳ ಜನ ಇಲ್ಲೇ ಸೋಲೋದು. ವೈನ್ ತನ್ನದೇ ಡಿಡ್ರಾ ಬಳಸುತ್ತೆ, ನೀವು ಇಟ್ಟದ್ದನ್ನ ನೋಡೋದೇ ಇಲ್ಲ. ವೈನ್‌ಸಿಎಫ್‌ಜಿಯ ಲೈಬ್ರರೀಸ್ ಪುಟದಲ್ಲಿ ಡಿಡ್ರಾ ಸೇರಿಸಿ "ನೇಟಿವ್, ಬಿಲ್ಟಿನ್" ಅಂತ ಮಾಡಿ. ಆಮೇಲೆ ಐಎನ್‌ಐ ಫೈಲಿನಲ್ಲಿ ವಿಂಡೋಡ್=ಟ್ರೂ, ಫುಲ್‌ಸ್ಕ್ರೀನ್=ಟ್ರೂ ಎರಡನ್ನೂ ಒಟ್ಟಿಗೆ ಕೊಡಿ. ನೋಡೋಕೆ ಒಂದಕ್ಕೊಂದು ವಿರುದ್ಧ ಅನಿಸುತ್ತೆ, ಆದರೆ ಅದರರ್ಥ ಅಂಚಿಲ್ಲದ ಕಿಟಕಿಯನ್ನ ಪರದೆ ತುಂಬ ಹಿಗ್ಗಿಸು ಅಂತ. ಮಾನಿಟರಿನ ರೆಸಲ್ಯೂಷನ್ನನ್ನ ಮುಟ್ಟೋದೇ ಇಲ್ಲ, ಹಾಗಾಗಿ ಡೆಸ್ಕ್‌ಟಾಪ್ 640ರಲ್ಲಿ ಉಳಿಯೋ ಪ್ರಶ್ನೆ ಬರಲ್ಲ. ಮೇಂಟ್‌ಎಎಸ್=ಟ್ರೂ ಕೊಟ್ಟರೆ 4:3 ಆಕಾರ ಉಳಿಯುತ್ತೆ. ಮ್ಯಾಕ್ಸ್‌ಎಫ್‌ಪಿಎಸ್=60, ರೆಂಡರರ್=ಓಪನ್‌ಜಿಎಲ್.

ಡೈರೆಕ್ಟ್‌ಡ್ರಾ ಅಲ್ಲದ ಆಟ ಇದೇ ಕಾಟ ಕೊಟ್ಟರೆ ವೈನ್‌ಸಿಎಫ್‌ಜಿಯ ಗ್ರಾಫಿಕ್ಸ್ ಪುಟದಲ್ಲಿ ವರ್ಚುವಲ್ ಡೆಸ್ಕ್‌ಟಾಪ್ ಆನ್ ಮಾಡಿ 800×600 ಕೊಡಿ. ಈಗಾಗಲೇ ಸಿಕ್ಕಿಹಾಕಿಕೊಂಡಿರೋ ಪರದೆಯನ್ನ ವಾಪಸ್ ತರಲು ಎಕ್ಸ್‌ರ‍್ಯಾಂಡರ್ -ಎಸ್ 0 ಸಾಕು.

ಇನ್ನೊಂದು, ಆ ಕಾಲದ ವಿಂಡೋಸ್ ಆಟಗಳಲ್ಲಿ ಸಂಗೀತ ಬಹಳ ಸಲ ಮಿಡಿ, ಅಂದರೆ ರೆಕಾರ್ಡ್ ಮಾಡಿದ ಧ್ವನಿಯಲ್ಲ, ಯಾವ ಸ್ವರ ನುಡಿಸಬೇಕು ಅನ್ನೋ ಪಟ್ಟಿ. ಲಿನಕ್ಸ್‌ನಲ್ಲಿ ಮಿಡಿ ನುಡಿಸೋರು ಯಾರೂ ಕೂತಿಲ್ಲದಿದ್ದರೆ ಆಟ ಮೌನ. ಫ್ಲೂಯಿಡ್‌ಸಿಂತ್ ಮತ್ತು ಫ್ಲೂಯಿಡ್-ಸೌಂಡ್‌ಫಾಂಟ್-ಜಿಎಂ ಎರಡೂ ಹಾಕಿ (ಸೌಂಡ್‌ಫಾಂಟ್ ಬಿಚ್ಚಿದ ಮೇಲೆ ಸುಮಾರು 140 ಎಂಬಿ). ಆಟಕ್ಕಿಂತ ಮೊದಲು ಫ್ಲೂಯಿಡ್‌ಸಿಂತ್ ಶುರುವಾಗಿರಬೇಕು. ಆಟ ತೆರೆದ ಮೇಲೆ ಶುರು ಮಾಡಿದರೆ ಆಟಕ್ಕೆ ಅದು ಕಾಣಲ್ಲ. ವೈನ್‌ನಲ್ಲಿ ಉಳಿದ ಸದ್ದು ಒಡೆದರೆ ಪಲ್ಸ್_ಲೇಟೆನ್ಸಿ_ಎಂಸೆಕ್=60 ಅಂತ ಮುಂದೆ ಸೇರಿಸಿ ನೋಡಿ, ಅದೂ ಪೂರ್ತಿ ದೊಡ್ಡಕ್ಷರ.

ಸಿರಾಗೇಟ್_ಡೆಸ್ಕ್ (ತುಮಕೂರು):

ಇಬ್ಬರಿಗೂ ತುಂಬಾ ಧನ್ಯವಾದ. ಪ್ರಿನ್ಸ್ 3000ದಲ್ಲಿ ಸರಿಹೋಯ್ತು, ಧ್ವನಿ ಶುದ್ಧ. ಏಜ್ ಆಫ್ ಎಂಪೈರ್ಸ್‌ಗೆ ಲೈಬ್ರರೀಸ್ ಪುಟದ ಕೆಲಸವೇ ಬಾಕಿ ಇತ್ತು, ಈಗ ಬಣ್ಣ ಸರಿ. ಇನ್‌ಸ್ಟಾಲರ್‌ಗಳೂ 98 ಕೊಟ್ಟ ಮೇಲೆ ಮುಂದೆ ಹೋದವು. ಸ್ಯಾನ್ ಆಂಡ್ರಿಯಾಸ್ ಇನ್ನೂ ಕಪ್ಪೇ. ಟರ್ಮಿನಲ್‌ನಿಂದ ಸ್ಟೀಮ್ ತೆರೆದಾಗ "ಐವಿ ಬ್ರಿಡ್ಜ್ ವಲ್ಕನ್ ಸಪೋರ್ಟ್ ಈಸ್ ಇನ್‌ಕಂಪ್ಲೀಟ್" ಅನ್ನೋ ಸಾಲು ಕಾಣ್ತು. ಇದಕ್ಕೂ ಕಪ್ಪು ಪರದೆಗೂ ಸಂಬಂಧ ಇದೆಯಾ? ಇನ್ನೊಂದು ಕಡೆ 86ಬಾಕ್ಸ್‌ನಲ್ಲಿ ಪೂರ್ತಿ ವಿಂಡೋಸ್ 98ನ್ನೇ ಹಾಕಿ ಅಂತ ಸಲಹೆ ಕೊಟ್ಟರು, ಅದು ಹೇಗೆ?

ಚಿಂತಾಮಣಿ_ಚಿಪ್ (ಚಿಕ್ಕಬಳ್ಳಾಪುರ ಜಿಲ್ಲೆ):

ಆ ಸಾಲೇ ಉತ್ತರ ಸಾರ್. ನಿಮ್ಮ ಐ3-3220 ಅಂದರೆ 2012ರ ಐವಿ ಬ್ರಿಡ್ಜ್ ಪೀಳಿಗೆ. ಸ್ಟೀಮ್ ಒಳಗೆ ಬರೋ ವೈನ್ ರೂಪವೇ ಪ್ರೋಟಾನ್. ಅದು ವಿಂಡೋಸ್‌ನ ಡೈರೆಕ್ಟ್3ಡಿ 9 ಗ್ರಾಫಿಕ್ಸ್ ಬಳಸೋ ಆಟವನ್ನ ಡಿಎಕ್ಸ್‌ವಿಕೆ ಅನ್ನೋ ಅನುವಾದಕದ ಮೂಲಕ ವಲ್ಕನ್ ಅನ್ನೋ ಹೊಸ ಗ್ರಾಫಿಕ್ಸ್ ವ್ಯವಸ್ಥೆಗೆ ಬದಲಿಸುತ್ತೆ. ಡಿಎಕ್ಸ್‌ವಿಕೆ 2.0 ಆದಮೇಲೆ ವಲ್ಕನ್ 1.3 ಇಲ್ಲದೆ ನಡೆಯಲ್ಲ, ಐವಿ ಬ್ರಿಡ್ಜ್ ಗ್ರಾಫಿಕ್ಸ್‌ಗೆ ಅಷ್ಟು ಸಾಮರ್ಥ್ಯ ಇಲ್ಲ. ಡ್ರೈವರ್ ಅಪ್‌ಡೇಟ್ ಮಾಡಿದರೂ ಬರಲ್ಲ, ಚಿಪ್ಪಿನಲ್ಲೇ ಇಲ್ಲದ್ದು. ಆದರೆ ವಲ್ಕನ್‌ಗಿಂತ ಹಳೇದಾದ ಓಪನ್‌ಜಿಎಲ್ ಇದೇ ಚಿಪ್ಪಿನಲ್ಲಿ 4.2ರವರೆಗೆ ಚೆನ್ನಾಗಿದೆ, ಸ್ಯಾನ್ ಆಂಡ್ರಿಯಾಸ್‌ಗೆ ಅದು ಧಾರಾಳ.

ಸ್ಟೀಮ್‌ನಲ್ಲಿ ಆಟದ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಲಾಂಚ್ ಆಪ್ಷನ್ಸ್‌ನಲ್ಲಿ ಪ್ರೋಟಾನ್_ಯೂಸ್_ವೈನ್‌ಡಿ3ಡಿ=1 %ಕಮಾಂಡ್% ಅಂತ ಹೊಡೀರಿ. ಮೊದಲ ಭಾಗ ದೊಡ್ಡಕ್ಷರ, ಡಿ ಅಕ್ಷರಗಳ ನಡುವೆ 3 ಅಂಕಿ, ಕಮಾಂಡ್ ಚಿಕ್ಕಕ್ಷರ, ಎರಡೂ ಕಡೆ ಶೇಕಡಾ ಚಿಹ್ನೆ. ಈಗ ವೈನ್‌ನ ಓಪನ್‌ಜಿಎಲ್ ದಾರಿ ಹಿಡಿಯುತ್ತೆ. ಎಲ್ಲ ಆಟ ಒಂದೇ ಕಡೆಯಿಂದ ತೆರೆಯೋ ಲುಟ್ರಿಸ್ ಬಳಸೋದಾದರೆ ರನ್ನರ್ ಆಯ್ಕೆಗಳಲ್ಲಿ ಡಿಎಕ್ಸ್‌ವಿಕೆ ತಾನಾಗೇ ಆನ್ ಇರುತ್ತೆ, ಪ್ರತಿ ಆಟದಲ್ಲೂ ಆಫ್ ಮಾಡಿ. ಅಂತರ್ಜಾಲದಲ್ಲಿ "ಮೊದಲು ಡಿಎಕ್ಸ್‌ವಿಕೆ ಹಾಕಿ" ಅನ್ನೋ ಸಲಹೆಗಳೆಲ್ಲ ಹೊಸ ಕಾರ್ಡ್ ಇರೋರಿಗೆ. ಇದೇ ಕಾರಣಕ್ಕೆ ಆಟದ ಚಿತ್ರವನ್ನ ಪರದೆಗೆ ಹಿಗ್ಗಿಸಿ ತೋರಿಸೋ ಗೇಮ್‌ಸ್ಕೋಪ್ ಕೂಡ ನಿಮ್ಮ ಯಂತ್ರಕ್ಕಲ್ಲ, ಅದಕ್ಕೂ ವಲ್ಕನ್ ಬೇಕು.

ಎಚ್‌ಡಿ 2500 ಬಲಹೀನ, ಹಾಗಾಗಿ ಆಟದಲ್ಲಿ 1024×768, ವಿಷುವಲ್ ಎಫೆಕ್ಟ್ಸ್ ಲೋ, ಆಂಟಿ ಅಲಿಯಾಸಿಂಗ್ ಆಫ್. ಫ್ರೇಮ್ ಲಿಮಿಟರ್ ಮಾತ್ರ ಆನ್ ಇರಲೇಬೇಕು. ಆ ಆಟದ ಭೌತಿಕ ಲೆಕ್ಕಗಳು ಫ್ರೇಮ್‌ಗೆ ಕಟ್ಟಿಕೊಂಡಿವೆ. ಆಫ್ ಮಾಡಿದರೆ ಈಜೋದು, ಗಾಡಿ ಓಡಿಸೋದು ಎಲ್ಲ ಎಡವಟ್ಟಾಗುತ್ತೆ. ಹಳೇ ಆಟ ಜಾಸ್ತಿ ಫ್ರೇಮ್‌ನಲ್ಲಿ ಓಡಿದರೆ ಚೆನ್ನ ಅನ್ನೋದು ತಪ್ಪು ಕಲ್ಪನೆ. ತಾನು ಹುಟ್ಟಿದ ವೇಗದಲ್ಲಿ ಓಡಿದರೇ ಚೆನ್ನ. ಎರಡು ಕೋರ್ ನೋಡಿ ಗಲಿಬಿಲಿಯಾಗಿ ಓಟ ಕೀಳೋ 2000ದ ಆಸುಪಾಸಿನ ಆಟಗಳಿಗೆ ಟಾಸ್ಕ್‌ಸೆಟ್ -ಸಿ 0 ಅಂತ ವೈನ್ ಆಜ್ಞೆಯ ಮುಂದೆ ಸೇರಿಸಿ, ಒಂದೇ ಕೋರ್ ಮೇಲೆ ಕೂರುತ್ತೆ.

86ಬಾಕ್ಸ್ ಬಗ್ಗೆ: ಅದು ಇಡೀ ಯಂತ್ರವನ್ನ, ಮದರ್‌ಬೋರ್ಡಿನ ಚಿಪ್‌ಸೆಟ್ ಸಮೇತ, ಹೆಜ್ಜೆ ಹೆಜ್ಜೆಗೂ ನಕಲು ಮಾಡುತ್ತೆ. ನಿಖರತೆ ಅದ್ಭುತ, ಬೆಲೆಯೂ ಅಷ್ಟೇ. ಒಂದೇ ಕೋರ್‌ನ ವೇಗವೇ ಎಲ್ಲ. ಕಿಟಕಿಯ ತಲೆಪಟ್ಟಿಯಲ್ಲಿ ಶೇಕಡಾ ವೇಗ ತೋರಿಸುತ್ತೆ, 100ಕ್ಕಿಂತ ಕೆಳಗೆ ಇಳಿದರೆ ಧ್ವನಿ ಎಳೆದಾಡುತ್ತೆ. ನಿಮ್ಮ ಐ3ರಲ್ಲಿ 486 ಕೂರಿಸೋಕೆ ಅಡ್ಡಿಯಿಲ್ಲ, ಆದರೆ ವೇಗದ ಪೆಂಟಿಯಂ, ಅದರ ಮೇಲೆ ಆ ಕಾಲದ ವೂಡೂ ಗ್ರಾಫಿಕ್ಸ್ ಕಾರ್ಡ್ ಅಂತ ಹೋಗಬೇಡಿ. ಇನ್ನು ವಿಂಡೋಸ್ 98 ಹಾಕಲು ಅದರ ಲೈಸೆನ್ಸ್ ಇರೋ ಸಿಡಿಯೂ ಬೇಕು. ವೈನ್‌ನಲ್ಲಿ ನಡೆಯೋದನ್ನ ವೈನ್‌ನಲ್ಲೇ ಮಾಡಿ.

ನಂದಿ486 (ಚಿಕ್ಕಬಳ್ಳಾಪುರ):

ಚಿಪ್ ಹೇಳಿದ "ಹುಟ್ಟಿದ ವೇಗ" ಅನ್ನೋ ಮಾತಿಗೆ ಒಂದು ಸೇರಿಸ್ತೀನಿ. 320×200ರ ವಿಜಿಎ ಮೋಡ್ ಸೆಕೆಂಡಿಗೆ 70 ಸಲ ಪರದೆ ಬರೆಯುತ್ತಿತ್ತು. ನಮ್ಮ ಎಲ್‌ಸಿಡಿಗಳು 60. ಹಾಗಾಗಿ ಪಕ್ಕಕ್ಕೆ ಸರಿಯೋ ಆಟಗಳಲ್ಲಿ ಸೆಕೆಂಡಿಗೆ ಹತ್ತು ಫ್ರೇಮ್ ಬಿದ್ದುಹೋಗಿ, ನಯವಾಗಿ ಹರಿಯಬೇಕಾದ ಹಿನ್ನೆಲೆ ಸಣ್ಣಗೆ ಕುಲುಕುತ್ತೆ. ಡಾಸ್‌ಬಾಕ್ಸ್‌ನಲ್ಲಿ ಯಾವ ಸೆಟ್ಟಿಂಗ್ ತಿರುಗಿಸಿದರೂ ಇದು ಪೂರ್ತಿ ಹೋಗಲ್ಲ, ಮಾನಿಟರಿನ ಮಿತಿ. ವಿಜಿಎ ಕೇಬಲ್‌ನಲ್ಲಿರೋ ಕೆಲವು ಮಾನಿಟರ್‌ಗಳು 1024×768ರಲ್ಲಿ 70 ಅಥವಾ 75 ಹರ್ಟ್ಜ್ ಒಪ್ಪಿಕೊಳ್ತವೆ. ಎಕ್ಸ್‌ರ‍್ಯಾಂಡರ್ ಅಂತ ಬರೀ ಹೆಸರು ಹೊಡೆದರೆ ಪಟ್ಟಿ ಬರುತ್ತೆ, ಅದರಲ್ಲಿ ಇದ್ದರೆ ಪ್ರಯತ್ನಿಸಿ. ಆಗ ಮಾನಿಟರಿನ ಮೆನುವಿನಲ್ಲಿ 4:3 ಆಯ್ಕೆ ಇರಬೇಕು, ಇಲ್ಲದಿದ್ದರೆ ಅದೇ ಅಗಲಕ್ಕೆ ಎಳೆದುಬಿಡುತ್ತೆ.

ರಾಬರ್ಟ್‌ಸನ್‌ಪೇಟೆ_ರೂಟ್ (ಕೆಜಿಎಫ್, ಕೋಲಾರ):

ಕ್ವೇಕ್ ಸಂಗೀತ ಉಳಿದುಹೋಯ್ತಲ್ಲ. 1996ರ ಆ ಸಿಡಿಯಲ್ಲಿ ಮೊದಲ ಟ್ರ್ಯಾಕ್ ಡೇಟಾ, 2ರಿಂದ 11ರವರೆಗೆ ಸಾಮಾನ್ಯ ಆಡಿಯೊ ಸಿಡಿಯ ಹಾಗೆ ಹಾಡುಗಳು. ಐಎಸ್‌ಒ ಅನ್ನೋ ರೂಪದಲ್ಲಿ ಡೇಟಾ ಟ್ರ್ಯಾಕ್‌ಗೆ ಮಾತ್ರ ಜಾಗ. ಹಾಡುಗಳು ನಿಮ್ಮ ಫೈಲಿಗೆ ಬಂದೇ ಇಲ್ಲ. ಡಿಡಿ ಆಜ್ಞೆಯಲ್ಲಿ ಮಾಡಿದರೂ ಇದೇ ಕಥೆ, ಆಡಿಯೊ ಶುರುವಾಗೋ ಜಾಗದಲ್ಲಿ ಓದಲಾಗದೆ ನಿಲ್ಲುತ್ತೆ.

ದಾರಿ ಎರಡು. ಮೂಲ ಡಾಸ್ ಆಟವೇ ಬೇಕಾದರೆ ಸಿಡಿಆರ್‌ಡಿಎಒ ಹಾಕಿ, ರೀಡ್-ಸಿಡಿ --ರೀಡ್-ರಾ ಜೊತೆ --ಡೇಟಾಫೈಲ್ ಕ್ವೇಕ್.ಬಿನ್ ಕೊಟ್ಟು, ಕೊನೆಯಲ್ಲಿ ಕ್ವೇಕ್.ಟಿಒಸಿ ಅಂತ ಹೆಸರು ಕೊಡಿ. ಅದಾದ ಮೇಲೆ ಟಿಒಸಿ2ಕ್ಯೂ ಬಳಸಿ ಟಿಒಸಿಯನ್ನ ಕ್ಯೂ ಫೈಲ್ ಮಾಡಿಕೊಳ್ಳಿ. ಡಾಸ್‌ಬಾಕ್ಸ್‌ನಲ್ಲಿ ಇಮ್ಗ್‌ಮೌಂಟ್ ಡಿ ಕ್ವೇಕ್.ಕ್ಯೂ -ಟಿ ಐಎಸ್‌ಒ. ಕೊಡಬೇಕಾದ್ದು ಕ್ಯೂ ಫೈಲನ್ನ, ಬಿನ್ ಕೊಟ್ಟರೆ ಮತ್ತೆ ಮೌನ. ಹಾಡಿನ ಬದಲು ಬರೀ ಕರಕರ ಸದ್ದು ಬಂದರೆ ಬೈಟುಗಳು ಹಿಂದುಮುಂದಾಗಿವೆ. ಸಿಡಿಆರ್‌ಡಿಎಒಗೆ --ಡ್ರೈವರ್ ಜೆನೆರಿಕ್-ಎಂಎಂಸಿ:0ಎಕ್ಸ್20000 ಸೇರಿಸಿ ಮತ್ತೊಮ್ಮೆ ಓದಿಸಿ.

ಎರಡನೇ ದಾರಿ ಕ್ವೇಕ್‌ಸ್ಪಾಸ್ಮ್, ಲಿನಕ್ಸ್ ಪೋರ್ಟ್. ನಿಮ್ಮ ಕೆಲಸಕ್ಕೆ ನಾನು ಹೇಳೋದು ಇದನ್ನೇ. ಸಿಡಿಯ ಪ್ಯಾಕ್ ಫೈಲುಗಳನ್ನ ಐಡಿ1 ಫೋಲ್ಡರಿಗೆ ನಕಲಿಸಿ, ಹೆಸರೆಲ್ಲ ಚಿಕ್ಕಕ್ಷರಕ್ಕೆ ಬದಲಿಸಿ. ಸಿಡಿಯಿಂದ ಬಂದಾಗ ದೊಡ್ಡಕ್ಷರದಲ್ಲಿರ್ತವೆ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ ಫೈಲ್. "ಆಟ ಸಿಗಲಿಲ್ಲ" ಅನ್ನೋ ದೂರುಗಳಲ್ಲಿ ಬಹುಪಾಲು ಇದೇ. ಹಾಡುಗಳನ್ನ ಸಿಡಿಪ್ಯಾರನೋಯ -ಬಿ ಆಜ್ಞೆಯಿಂದ ತೆಗೆದು (ಬಿ ದೊಡ್ಡಕ್ಷರ), ಆಗ್‌ಎನ್ಕ್‌ನಿಂದ ಆಗ್ ಅನ್ನೋ ರೂಪದ ಆಡಿಯೊ ಫೈಲ್ ಮಾಡಿ, ಐಡಿ1 ಒಳಗೆ ಮ್ಯೂಸಿಕ್ ಅನ್ನೋ ಫೋಲ್ಡರಿನಲ್ಲಿ ಟ್ರ್ಯಾಕ್02.ಆಗ್, ಟ್ರ್ಯಾಕ್03.ಆಗ್ ಅಂತ ಸಾಲಾಗಿ ಇಡಿ. 01 ಇರಬಾರದು, ಅದು ಡೇಟಾದ ಸಂಖ್ಯೆ.

ಗೀಚಿದ ಸಿಡಿ ಇದ್ದರೆ ಡೇಟಾ ಸಿಡಿಗಳಿಗೆ ಡಿಡಿರೆಸ್ಕ್ಯೂ ಬಳಸಿ: ಮೊದಲ ಸುತ್ತು -ಎನ್ -ಬಿ2048, ಎರಡನೇ ಸುತ್ತು -ಡಿ -ಆರ್3 -ಬಿ2048, ಎರಡಕ್ಕೂ ಒಂದೇ ಮ್ಯಾಪ್ ಫೈಲ್. ಕೋಲಾರ-ತುಮಕೂರು ಬಿಸಿಲಿಗೆ ಕಿಟಕಿ ಪಕ್ಕ ಇಟ್ಟ ಡಿಸ್ಕುಗಳು ಬೇಗ ಹಾಳಾಗ್ತವೆ, ಇಮೇಜ್ ಮಾಡಿಕೊಳ್ಳೋ ಕೆಲಸ ಮುಂದೂಡಬೇಡಿ. ನ್ಯಾಯವಾಗಿ ನಿಮ್ಮ ಬಳಿ ಇರೋ ಪ್ರತಿಯ ಬ್ಯಾಕಪ್ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲೇ ಅವಕಾಶ ಇದೆ. ಅದು ಹಾಳಾದರೆ ಇರಲಿ ಅಂತ ಮಾಡಿಕೊಳ್ಳೋ ಬ್ಯಾಕಪ್‌ಗೆ ಮಾತ್ರ, ಬೇರೆಯವರಿಗೆ ಹಂಚೋಕೆ ಅಲ್ಲ. 2000ದ ಆಸುಪಾಸಿನ ಕೆಲವು ಸಿಡಿಗಳಲ್ಲಿ ನಕಲು ತಡೆಯೋ ಸೇಫ್‌ಡಿಸ್ಕ್ ಬೀಗ ಇರುತ್ತೆ. ಅದರ ಡ್ರೈವರನ್ನ ಮೈಕ್ರೋಸಾಫ್ಟ್ ಕೂಡ ವಿಂಡೋಸ್ 10ರಲ್ಲಿ ಕೈಬಿಟ್ಟಿದೆ. ಅಂಥ ಆಟಕ್ಕೆ ಗಂಟೆಗಟ್ಟಲೆ ಒದ್ದಾಡೋ ಬದಲು ಬೀಗ ಇಲ್ಲದ ಪ್ರತಿಯನ್ನ ಜಿಒಜಿ ಥರದ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳೋದು ಮೇಲು. ಜಿಒಜಿಯ ವಿಂಡೋಸ್ ಇನ್‌ಸ್ಟಾಲರನ್ನ ಇನ್ನೋಎಕ್ಸ್‌ಟ್ರ್ಯಾಕ್ಟ್ ಬಿಚ್ಚಿಕೊಡುತ್ತೆ, ವೈನ್ ಬೇಕಿಲ್ಲ.

ಕೊರಟಗೆರೆ_ಕೀಲಿಮಣೆ (ತುಮಕೂರು ಜಿಲ್ಲೆ):

ನಮ್ಮ ಕಡೆಯ ಕಂಪ್ಯೂಟರ್‌ಗಳಲ್ಲಿ ಮಾತ್ರ ಬರೋ ಎರಡು ತೊಂದರೆ ಯಾರೂ ಹೇಳಿಲ್ಲ, ಸೇರಿಸ್ತೀನಿ.

ಮೊದಲನೇದು ಕನ್ನಡ ಕೀಲಿಮಣೆ. ಐಬಸ್‌ನಲ್ಲಿ (ಬೇರೆ ಬೇರೆ ಭಾಷೆ ಟೈಪ್ ಮಾಡಿಸೋ ಸಾಫ್ಟ್‌ವೇರ್) ಕನ್ನಡ ಆನ್ ಇರುವಾಗಲೇ ಆಟ ತೆರೆದರೆ ಬಾಣದ ಕೀಲಿ ಕೆಲಸ ಮಾಡುತ್ತೆ, ಅಕ್ಷರದ ಕೀಲಿಗಳು ಸುಮ್ಮನಿರ್ತವೆ. ಒತ್ತಿದ ಕೀಲಿಯನ್ನ ಇನ್‌ಪುಟ್ ಮೆಥಡ್ ಮಧ್ಯದಲ್ಲೇ ಹಿಡಿದುಕೊಂಡು ಅಕ್ಷರ ಕಟ್ಟಲು ಕೂತಿರುತ್ತೆ, ಆಟದವರೆಗೆ ಬಿಡಲ್ಲ. ಆಟ ಹಾಳಾಗಿದೆ ಅಂತ ಮತ್ತೆ ಇನ್‌ಸ್ಟಾಲ್ ಮಾಡೋರಿದಾರೆ. ವೈನ್ ಆಟದ ಐಕಾನಿನ ಆಜ್ಞೆಯ ಮುಂದೆ ಎನ್ವ್ ಎಕ್ಸ್‌ಮಾಡಿಫೈಯರ್ಸ್=@ಐಎಂ=ನನ್ ಸೇರಿಸಿಬಿಡಿ (ಎಕ್ಸ್‌ಮಾಡಿಫೈಯರ್ಸ್ ಮಾತ್ರ ದೊಡ್ಡಕ್ಷರ). ಆ ಆಟ ಮಾತ್ರ ಐಬಸ್ ದಾಟಿ ಹೋಗುತ್ತೆ, ಉಳಿದ ಕಡೆ ಕನ್ನಡ ಬರೆಯೋದು ಹಾಗೇ ಇರುತ್ತೆ. ಡಾಸ್‌ಬಾಕ್ಸ್‌ಗೆ ಮೊದಲು ಇಂಗ್ಲಿಷ್‌ಗೆ ಬದಲಿಸಿ ತೆರೆಯೋದೇ ಸುಲಭ.

ಎರಡನೇದು ಫೋಲ್ಡರಿನ ಹೆಸರು. ಮಿಂಟ್ ಕನ್ನಡದಲ್ಲಿದ್ದರೆ "ಆಟಗಳು" ಅಂತ ಫೋಲ್ಡರ್ ಮಾಡೋ ಮನಸ್ಸಾಗೋದು ಸಹಜ. ಆದರೆ 98ರ ಕಾಲದ ಆಟಗಳು ಫೈಲಿನ ದಾರಿಯನ್ನ ಒಂದೊಂದೇ ಬೈಟಿನ ಕೋಡ್‌ಪೇಜ್‌ನಲ್ಲಿ (ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನೋ ಪಟ್ಟಿ) ಓದೋವು, ಮತ್ತು ಕನ್ನಡಕ್ಕೆ ವಿಂಡೋಸ್‌ನಲ್ಲಿ ಆಟಗಳು ಹಾಗೆ ಬಳಸಬಹುದಾದ ಕೋಡ್‌ಪೇಜ್ ಇರಲಿಲ್ಲ. ಕನ್ನಡ ಬಂದದ್ದೇ ಯೂನಿಕೋಡ್ ಮೂಲಕ. ಹಾಗಾಗಿ ದಾರಿಯಲ್ಲಿ ಒಂದು ಕನ್ನಡ ಅಕ್ಷರ ಇದ್ದರೂ ಆಟಕ್ಕೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತೆ, ಸೇವ್ ಫೈಲ್ ಬರೆಯಲಾಗದೆ ಬೀಳುತ್ತೆ. ಡಿಸ್ಕಿನ ಮೇಲೆ ಇಂಗ್ಲಿಷ್ ಅಕ್ಷರ, ಜಾಗ ಬಿಡದ ಸಣ್ಣ ಹೆಸರು ಇಡಿ. ಡಾಸ್‌ಗೆ ಎಂಟು ಅಕ್ಷರ ದಾಟಬೇಡಿ. ಡೆಸ್ಕ್‌ಟಾಪ್ ಐಕಾನಿನ ಹೆಸರು ಮಾತ್ರ ಧಾರಾಳವಾಗಿ ಕನ್ನಡದಲ್ಲಿ ಬರೆಯಬಹುದು. ಆ ಹೆಸರನ್ನ ಓದೋದು ಲಿನಕ್ಸ್, ಆಟ ಅಲ್ಲ.

ಸಿರಾಗೇಟ್_ಡೆಸ್ಕ್ (ತುಮಕೂರು):

ಮೇಡಂ, ಎರಡನೇ ಯಂತ್ರದಲ್ಲಿ ಡಬ್ಲ್ಯೂ ಕೀಲಿ ಕೆಲಸ ಮಾಡದಿದ್ದದ್ದು ಇದಕ್ಕೇ! ಕೀಬೋರ್ಡ್ ಬದಲಿಸಬೇಕು ಅಂದುಕೊಂಡಿದ್ದೆ. ಸ್ಯಾನ್ ಆಂಡ್ರಿಯಾಸ್ ಕೂಡ ಬಂತು, ಕ್ವೇಕ್‌ಸ್ಪಾಸ್ಮ್‌ನಲ್ಲಿ ಹಾಡೂ ಬಂತು. ಕೊನೇ ಪ್ರಶ್ನೆ: ಮೊದಲ ಯಂತ್ರದ ವೈನ್ ಪ್ರಿಫಿಕ್ಸ್‌ಗಳನ್ನ ಪೆನ್‌ಡ್ರೈವ್‌ಗೆ ನಕಲಿಸಿ ಎರಡನೇದಕ್ಕೆ ಹಾಕಿದೆ. ನಕಲಿಸುವಾಗಲೇ ಕೆಲವು ಫೈಲ್ ಎರರ್ ಕೊಟ್ಟವು, ಅಲ್ಲಿ ಏಜ್ ಆಫ್ ಎಂಪೈರ್ಸ್ ತೆರೆಯಲೇ ಇಲ್ಲ. ಸಿಡಿ ಇರೋ ಆಟಗಳಿಗೆ ಎರಡೆರಡು ಪ್ರತಿ ಇದೆ, ಆ ಚಿಂತೆ ಬೇಡ.

ರಾಬರ್ಟ್‌ಸನ್‌ಪೇಟೆ_ರೂಟ್ (ಕೆಜಿಎಫ್, ಕೋಲಾರ):

ಪ್ರಿಫಿಕ್ಸ್ ಒಳಗೆ ಡಾಸ್‌ಡಿವೈಸಸ್ ಅನ್ನೋ ಫೋಲ್ಡರ್ ಇದೆ. ಅದರಲ್ಲಿ "ಸಿ:" ಮತ್ತು "ಝಡ್:" ಅನ್ನೋ ಹೆಸರಿನ ಕೊಂಡಿಗಳಿರ್ತವೆ. ಪೆನ್‌ಡ್ರೈವ್‌ನ ಫ್ಯಾಟ್32 ಫೈಲ್ ಹೆಸರಿನಲ್ಲಿ ವಿಸರ್ಗ ಚಿಹ್ನೆಯಂಥ ಆ ಎರಡು ಚುಕ್ಕಿಯನ್ನೂ ಒಪ್ಪಲ್ಲ, ಕೊಂಡಿಗಳನ್ನೂ ಇಟ್ಟುಕೊಳ್ಳಲ್ಲ. ಸಿ ಡ್ರೈವ್ ಎಲ್ಲಿದೆ ಅಂತಲೇ ವೈನ್‌ಗೆ ಗೊತ್ತಾಗಲ್ಲ. ಮೊದಲು ಟಾರ್ -ಸಿಝಡ್‌ಎಫ್ ಏಜ್.ಟಿಜಿಝಡ್ ಏಜ್ ಅಂತ ಒಂದೇ ಫೈಲಾಗಿ ಕಟ್ಟಿ, ಆ ಫೈಲನ್ನ ಒಯ್ದು ಅಲ್ಲಿ ಟಾರ್ -ಎಕ್ಸ್‌ಝಡ್‌ಎಫ್‌ನಿಂದ ಬಿಚ್ಚಿ. ಆಯ್ಕೆಯ ಅಕ್ಷರಗಳೆಲ್ಲ ಚಿಕ್ಕವು. ಫ್ಯಾಟ್32ಗೆ ಒಂದು ಫೈಲ್ 4 ಜಿಬಿ ದಾಟಬಾರದು, ದೊಡ್ಡ ಆಟವಾದರೆ ಪೆನ್‌ಡ್ರೈವನ್ನ ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಎರಡೂ ಯಂತ್ರದಲ್ಲಿ ಬಳಕೆದಾರನ ಹೆಸರು ಒಂದೇ ಇಟ್ಟರೆ ಒಳಗಿನ ದಾರಿಗಳೂ ಹೊಂದುತ್ತವೆ.

ಸಂಘದ ಕೋಣೆ ಅಂದಿರಲ್ಲ, ಹತ್ತಾರು ಜನ ಕೈ ಹಾಕ್ತಾರೆ. ವೈನ್‌ಸಿಎಫ್‌ಜಿಯ ಡ್ರೈವ್ಸ್ ಪುಟದಲ್ಲಿ ಝಡ್ ಡ್ರೈವ್ ತೆಗೆದುಬಿಡಿ, ಅದು ಲಿನಕ್ಸಿನ ಪೂರ್ತಿ ಡಿಸ್ಕನ್ನ ಆಟಕ್ಕೆ ತೋರಿಸುತ್ತೆ. ಆಟದ ಎಕ್ಸಿ ಸಿ ಡ್ರೈವ್ ಒಳಗೇ ಇದ್ದರೆ ಝಡ್ ಇಲ್ಲದೆಯೂ ಓಡುತ್ತೆ. ಟಾರ್ ಫೈಲುಗಳನ್ನ ಒಂದು ಕಡೆ ಜೋಪಾನವಾಗಿಡಿ. ಕರೆಂಟ್ ಹೋಗಿ ಪ್ರಿಫಿಕ್ಸ್ ಕೆಟ್ಟರೆ ಹಳೇದನ್ನ ಅಳಿಸಿ ಮತ್ತೆ ಬಿಚ್ಚೋದು ಎರಡು ನಿಮಿಷದ ಕೆಲಸ. ಸೇವ್ ಫೈಲುಗಳ ಫೋಲ್ಡರ್ ಮಾತ್ರ ಅಳಿಸೋ ಮೊದಲು ಬೇರೆ ತೆಗೆದಿಟ್ಟುಕೊಳ್ಳಿ.